ಎಡಗಾಲಿನ ಟಕ್ ಟಕ್: ಒಂದು ಹಳೇ ಸೈಕಲ್ಲಿನ ಕೇಸು

ಸಮಸ್ಯೆ ಹೇಳಲಿಕ್ಕೆ ಒಂದೇ ಸಾಲು ಸಾಕು. ಎಡಗಾಲಿನಿಂದ ಪೆಡಲ್ ತುಳಿದಾಗೆಲ್ಲ ಕೆಳಗೆ ಎಲ್ಲೋ ಟಕ್ ಅನ್ನುತ್ತಿತ್ತು. ಈ ಟಕ್ ಹಿಂದೆ ಬಿದ್ದು ಒಂದು ವರ್ಷದೊಳಗೆ ಪೆಡಲ್ ಬದಲಾಯಿತು, ಚೈನ್ ಬದಲಾಯಿತು, ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಗಾಲಿ) ಬದಲಾಯಿತು, ಬಿ.ಬಿ. (ಬಾಟಮ್ ಬ್ರಾಕೆಟ್, ಎರಡು ಪೆಡಲ್‌ಗಳ ನಡುವಿನ ಅಚ್ಚು ತಿರುಗುವ ಜಾಗ) ಪೂರ್ತಿ ಬಿಚ್ಚಿ ಓವರಾಲಿಂಗ್ ಕೂಡ ಆಯಿತು. ಟಕ್ ಮಾತ್ರ ಹೋಗಲಿಲ್ಲ. ಹೋಗಲಿಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಪ್ರತಿ ಸಲ ಹೋಯಿತು, ಒಂದಷ್ಟು ದಿನ ಬಿಟ್ಟು ತಿರುಗಿ ಬಂತು. ಈ ಕೇಸಿನ ಗುಟ್ಟೆಲ್ಲ ಇರುವುದು ಅಲ್ಲೇ.

ಸೈಕಲ್ಲು ನಮ್ಮ ಚಿಕ್ಕಪ್ಪನದು. ಎಂಬತ್ತರ ದಶಕದಲ್ಲಿ ಕೊಂಡದ್ದು, ಕಪ್ಪು ಬಣ್ಣ, ಅಡ್ಡಬಾರಿನ ಗಂಡಸರ ಸೈಕಲ್ಲು, 28 ಇಂಚಿನ ಚಕ್ರ, ಕೇಬಲ್ ಬದಲು ಕಂಬಿ ಬ್ರೇಕು, ಹಿಂದೆ ದೊಡ್ಡ ಕ್ಯಾರಿಯರ್. ಕಂಪನಿ ಹೆಸರು ಬೇಡ, ಯಾವ ಕಂಪನಿಯದಾದರೂ ಕಥೆ ಇದೇ ಆಗುತ್ತಿತ್ತು. ಮನೆ ಮೈಸೂರಿನ ವಿದ್ಯಾರಣ್ಯಪುರಂ ಕಡೆ, ಕೆಲಸ ಬನ್ನಿಮಂಟಪದ ಹತ್ತಿರ ಒಂದು ಪ್ರೆಸ್ಸಿನಲ್ಲಿ. ಅಗ್ರಹಾರ ದಾಟಿ, ಕೆ.ಆರ್. ಸರ್ಕಲ್‌ಗೆ ಬಂದು, ಸಯ್ಯಾಜಿರಾವ್ ರಸ್ತೆ ಹಿಡಿದು, ಆಯುರ್ವೇದಿಕ್ ಕಾಲೇಜು ಸರ್ಕಲ್, ಹೈವೇ ಸರ್ಕಲ್ ಅಂತ ನೆಟ್ಟಗೆ ಹೋಗುವುದು. ಜಂಬೂಸವಾರಿ ಹೋಗುತ್ತದಲ್ಲ, ಹೆಚ್ಚುಕಡಿಮೆ ಅದೇ ದಾರಿ. ದಸರಾಕ್ಕೆ ಮುಂಚೆ ಆನೆಗಳ ತಾಲೀಮು ಕೂಡ ಬೆಳಿಗ್ಗೆ ಅದೇ ರಸ್ತೆಯಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ಆನೆ ಹಿಂದೆ ಸಿಕ್ಕಿಕೊಂಡರೆ ಇಳಿದು ನಿಲ್ಲಬೇಕು, ಹತ್ತಬೇಕು, ಮತ್ತೆ ನಿಲ್ಲಬೇಕು. ನಿಂತ ಜಾಗದಿಂದ ಎದ್ದು ತುಳಿಯುವಾಗ ಕ್ರಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳಿನ, ಮೇಲೆ ಬೀಳುವ ಭಾರ ಸುಮ್ನೆ ಓಡುವಾಗ ಬೀಳುವುದಕ್ಕಿಂತ ತುಂಬಾ ಜಾಸ್ತಿ. ಚಿಕ್ಕಪ್ಪ ಟಕ್ ಅನ್ನುವುದನ್ನು ಮೊದಲು ಗಮನಿಸಿದ್ದೂ ಅದೇ ದಿನಗಳಲ್ಲಿ.

ಸ್ಕೂಟರ್ ಯಾಕೆ ಕೊಳ್ಳಲಿಲ್ಲ ಅನ್ನುವವರಿಗೆ: ಅವರಿಗೆ ಇಷ್ಟವಿಲ್ಲ. ಅಷ್ಟೇ. ಮೈಸೂರಿನಲ್ಲಿ 2017ರಿಂದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಇದೆಯಲ್ಲ ಅಂತ ನಾನೂ ಹೇಳಿ ನೋಡಿದೆ. "ಅದ್ರಲ್ಲಿ ನನ್ನ ಊಟದ ಕ್ಯಾರಿಯರ್ರು, ಪೇಪರ್ ಬಂಡ್ಲು ಎಲ್ಲಿ ಕಟ್ಟಲಪ್ಪಾ?" ಅಂದರು. ಮುಗಿಯಿತು.

ಈಗ ಆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಇಷ್ಟು ಕರಾರುವಾಕ್ಕಾಗಿ ಹೇಳಲು ಸಾಧ್ಯವಾದದ್ದು ಚಿಕ್ಕಮ್ಮನಿಂದ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆದುಕೊಳ್ಳುವ ಹಾಗೆ ಅವರು ಸೈಕಲ್ಲಿನ ಖರ್ಚನ್ನೂ ಬರೆದಿಟ್ಟಿದ್ದರು. ಬರೆದದ್ದು ಜಗಳಕ್ಕೆ ಸಾಕ್ಷಿ ಇರಲಿ ಅಂತ. ಉಪಯೋಗಕ್ಕೆ ಬಂದದ್ದು ಬೇರೆ ವಿಷಯಕ್ಕೆ.

ಮೊದಲು ಹೋದದ್ದು ಎಡ ಪೆಡಲ್. ಮನೆ ಹತ್ತಿರದ ಶಾಪಿನವರು ಪೆಡಲ್ ಅಲ್ಲಾಡಿಸಿ ನೋಡಿ, ಬಾಲ್ಸ್ ಸವೆದಿದೆ, ಹೊಸದು ಹಾಕಿ ಅಂದರು. ಪೆಡಲ್ ನಿಜವಾಗಿಯೂ ಸವೆದಿತ್ತು. ಹೊಸದು ಹಾಕಿದ ಮೇಲೆ ಶಬ್ದ ನಿಂತಿತು. ಎಲ್ಲರಿಗೂ ಖುಷಿ. ಮೂರನೇ ವಾರದ ಹೊತ್ತಿಗೆ ಶಬ್ದ ಮತ್ತೆ ಶುರು.

ಎರಡನೆಯದು ಚೈನು. ಇದೂ ಸುಳ್ಳು ಖರ್ಚಲ್ಲ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಅಂದರೆ 24 ಕೊಂಡಿಗೆ 12 ಇಂಚು ಬರಬೇಕು. ಶಾಲೆ ಮಕ್ಕಳ ಸ್ಕೇಲ್ ಇಟ್ಟು ಯಾರು ಬೇಕಾದರೂ ಅಳೆಯಬಹುದು. 12 ಇಂಚಿಗಿಂತ ಒಂದಿಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂತೆಂದರೆ ಚೈನು ಬದಲಿಸುವ ಕಾಲ, ಎಂಟನೇ ಒಂದು ಭಾಗ ಜಾಸ್ತಿ ಬಂತೆಂದರೆ ಅದು ಅಷ್ಟರಲ್ಲಿ ಹಲ್ಲುಗಳನ್ನೂ ತಿಂದುಬಿಟ್ಟಿರುತ್ತದೆ. ಚಿಕ್ಕಪ್ಪನ ಹಳೇ ಚೈನು ಹಿತ್ತಲಲ್ಲಿ ಗಿಡ ಕಟ್ಟಲಿಕ್ಕೆ ಉಳಿದುಕೊಂಡಿತ್ತು, ಆಮೇಲೆ ಅಳೆದು ನೋಡಿದೆ, ಎಂಟನೇ ಒಂದು ಭಾಗವನ್ನೂ ಮೀರಿತ್ತು.

ಇಷ್ಟು ಸವೆದ ಚೈನನ್ನು ಬಿಚ್ಚಿ ಹೊಸದು ಹಾಕಿದರೆ ಏನಾಗುತ್ತದೋ ಅದೇ ಆಯಿತು. ಹಳೇ ಚೈನಿನ ಜೊತೆ ಸವೆದು ಹೊಂದಿಕೊಂಡಿದ್ದ ಹಿಂದಿನ ಹಲ್ಲುಗಳ ಮೇಲೆ ಹೊಸ ಚೈನು ಕೂರಲಿಲ್ಲ. ಜೋರಾಗಿ ತುಳಿದರೆ ಚೈನು ಹಲ್ಲು ಹಾರಿ ಕಾಲು ಜಾರುತ್ತಿತ್ತು. ಬಂಬೂ ಬಜಾರ್ ಹತ್ತಿರ ಬಸ್ಸಿನ ಪಕ್ಕದಲ್ಲಿ ಒಂದು ಸಲ ಹಾಗಾಗಿ ಚಿಕ್ಕಪ್ಪ ಬೀಳುವುದರಲ್ಲಿ ಉಳಿದರು. ಮಾರನೇ ದಿನವೇ ಫ್ರೀವೀಲ್ ಬದಲಾಯಿತು. ಹಳೇ ಸೈಕಲ್ ಇಟ್ಟುಕೊಂಡವರಿಗೆ ಬರುವ ಸಿಟ್ಟಿನಲ್ಲಿ ಅರ್ಧ ಭಾಗ ಇಂಥದ್ದಕ್ಕೇ ಬರುತ್ತದೆ. ಒಂದು ಸಾಮಾನು ಹೊಸದು ಹಾಕಿದ ತಕ್ಷಣ ಪಕ್ಕದ್ದು ಹಳೆಯದಾಗುತ್ತದೆ. ನಿನ್ನೆವರೆಗೆ ಎರಡೂ ಸವೆದಿದ್ದವು, ಹಾಗಾಗಿ ಚೆನ್ನಾಗಿಯೇ ಓಡುತ್ತಿದ್ದವು.

ಫ್ರೀವೀಲ್ ಆದ ಮೇಲೂ ಶಬ್ದ ಸ್ವಲ್ಪ ದಿನ ನಿಂತು ಮತ್ತೆ ಬಂತು. ಆಗ ಕೊನೇ ಅಸ್ತ್ರ ಅನ್ನುವಂತೆ ಬಿ.ಬಿ. ಓವರಾಲಿಂಗ್. ಎರಡೂ ಕ್ರಾಂಕ್ ಬಿಚ್ಚಿ, ಅವುಗಳನ್ನು ಸೇರಿಸುವ ಅಚ್ಚು, ಅಂದರೆ ಆಕ್ಸಲ್, ತೆಗೆದು, ಬಾಲ್ಸ್ ಹೊಸದು ಹಾಕಿ, ಗ್ರೀಸ್ ತುಂಬಿ ಕೊಟ್ಟರು. ಸಂಜೆ ಬಿಟ್ಟು ಬೆಳಿಗ್ಗೆ ತೆಗೆದುಕೊಂಡದ್ದು, ಯಾಕೆಂದರೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ. ಸೈಕಲ್ಲು ಬೆಣ್ಣೆ ಹಾಗೆ ಓಡುತ್ತಿದೆ ಅಂದರು ಚಿಕ್ಕಪ್ಪ. ಹತ್ತು ಹನ್ನೆರಡು ದಿನ ಬಿಟ್ಟು ಟಕ್ ಬಂತು. ಈ ಸಲ ಮೊದಲಿಗಿಂತ ಜೋರಾಗಿ. ಕಾಲಿಗೇ ಗೊತ್ತಾಗುವಷ್ಟು.

ಇಷ್ಟು ಹೊತ್ತಿಗೆ ಕ್ಯಾಲೆಂಡರಿನ ಲೆಕ್ಕ ಎರಡು ಸಾವಿರ ದಾಟಿತ್ತು. ಚಿಕ್ಕಮ್ಮ ನನ್ನನ್ನು ಕರೆಸಿ, "ನೀನಾದ್ರೂ ಹೇಳೋ, ಗುಜರಿಗೆ ಹಾಕಿ ಅಂತ. ನಾನು ಹೇಳಿ ಹೇಳಿ ಸಾಕಾಗಿದೆ" ಅಂದರು. ನಾನು ಗುಜರಿ ವಿಷಯ ಎತ್ತದೆ ಕ್ಯಾಲೆಂಡರ್ ಹಾಳೆಗಳನ್ನು ತಿರುವಿ ನೋಡಿದೆ. ಪ್ರತಿ ರಿಪೇರಿ ಆದ ಮೇಲೂ ಶಬ್ದ ಹೋಗಿದೆ. ನಾಲ್ಕು ಬೇರೆ ಬೇರೆ ಸಾಮಾನು, ನಾಲ್ಕಕ್ಕೂ ಶಬ್ದ ಹೋಗುತ್ತದೆ ಅಂದರೆ ಹೇಗೆ? ನಾಲ್ಕೂ ಸಲ ನಡೆದ ಬೇರೆ ಯಾವುದೋ ಕೆಲಸ ಇದೆ, ಅದು ಲೆಕ್ಕಕ್ಕೆ ಬಂದಿಲ್ಲ. ದುಡ್ಡು ಕೊಡದ ಕೆಲಸ ಕ್ಯಾಲೆಂಡರಿಗೆ ಬರುವುದಿಲ್ಲ ಅಲ್ವಾ.

ಶಾಪಿನವರನ್ನೇ ಹೋಗಿ ಕೇಳಿದೆ. ಜಗಳಕ್ಕಲ್ಲ. ಅವರು ವಯಸ್ಸಾದವರು, ಈಗ ಅವರ ಹತ್ತಿರ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಸ್ಕೂಟರ್ ಪಂಕ್ಚರ್. "ಸೈಕಲ್ ಬಂದಾಗ ಬೇರೆ ಏನಾದ್ರೂ ಮಾಡ್ತೀರಾ ಯಜಮಾನ್ರೇ?" ಅಂದೆ. "ಏನಿಲ್ಲ, ಗಾಳಿ ನೋಡ್ತೀನಿ, ಎಣ್ಣೆ ಬಿಡ್ತೀನಿ, ಕಾಟರ್ ಪಿನ್ನಿಗೆ ಒಂದೇಟು ಹಾಕಿ ಕಳಿಸ್ತೀನಿ. ಹಳೇ ಗಾಡಿ ಅಲ್ವಾ" ಅಂದರು.

ಅಲ್ಲಿಗೆ ಕಳ್ಳ ಸಿಕ್ಕ ಹಾಗಾಯಿತು.

ಗೊತ್ತಿಲ್ಲದವರಿಗೆ ಕಾಟರ್ ಪಿನ್ ಅಂದರೆ ಏನು ಅಂತ ಹೇಳಬೇಕು. ಈಗಿನ ಗೇರ್ ಸೈಕಲ್ಲುಗಳಲ್ಲಿ ಅದು ಇರುವುದಿಲ್ಲ. ಹಳೇ ಸೈಕಲ್ಲಿನಲ್ಲಿ ಆಕ್ಸಲ್ ದುಂಡಗಿರುತ್ತದೆ, ಅದರ ತುದಿಯಲ್ಲಿ ಒಂದು ಪಕ್ಕ ಸಪಾಟಾಗಿ ಕೊರೆದಿರುತ್ತಾರೆ. ಕ್ರಾಂಕನ್ನು ಅದರ ಮೇಲೆ ಕೂರಿಸಿ, ಅಡ್ಡಲಾಗಿ ಇರುವ ತೂತಿನಲ್ಲಿ ಈ ಪಿನ್ ಹೊಡೆಯುತ್ತಾರೆ. ಪಿನ್ನಿನ ಒಂದು ಪಕ್ಕ ಇಳಿಜಾರಾಗಿ ಸಪಾಟು. ಆ ಸಪಾಟು ಆಕ್ಸಲ್ಲಿನ ಸಪಾಟಿಗೆ ಬಿಗಿಯಾಗಿ ಒತ್ತಿಕೊಂಡು ಕ್ರಾಂಕನ್ನು ಹಿಡಿದಿಡುತ್ತದೆ. ದಪ್ಪ 9.5 ಮಿಲಿಮೀಟರ್, ಉದ್ದ ಕಿರುಬೆರಳಿಗಿಂತ ಕಮ್ಮಿ. ಎಡಗಾಲಿನ ಬಲವೆಲ್ಲ ಈ ಪಿನ್ನಿನ ಮೂಲಕವೇ ಆಕ್ಸಲ್ಲಿಗೆ ಹೋಗಿ, ಅಲ್ಲಿಂದ ಬಲಗಡೆ ಪಿನ್ ದಾಟಿ ಚೈನ್ ವೀಲ್‌ಗೆ, ಅಂದರೆ ಮುಂದಿನ ಹಲ್ಲುಗಾಲಿಗೆ, ತಲುಪಬೇಕು. ಬಲಗಾಲಿಗೆ ಈ ಕಷ್ಟವಿಲ್ಲ, ಬಲ ಕ್ರಾಂಕಿಗೇ ಚೈನ್ ವೀಲ್ ಅಂಟಿಕೊಂಡಿರುತ್ತದೆ.

ಪಿನ್ ಸಡಿಲವಾದರೆ ಎಡ ಕ್ರಾಂಕ್ ಆಕ್ಸಲ್ ಮೇಲೆ ಕೂದಲೆಳೆಯಷ್ಟು ಆಡುತ್ತದೆ. ಕಾಲು ಕೆಳಗೆ ಒತ್ತುವಾಗ ಮುಂದಕ್ಕೆ, ಮೇಲೆ ಬರುವಾಗ ಕಾಲಿನ ಭಾರಕ್ಕೆ ಹಿಂದಕ್ಕೆ. ಅದೇ ಟಕ್. ಒಂದು ಸುತ್ತಿಗೆ ಏಟು ಹಾಕಿದರೆ ಪಿನ್ ಒಳಗೆ ಸರಿದು ಸ್ವಲ್ಪ ದಿನ ಹಿಡಿಯುತ್ತದೆ. ಶಾಪಿನವರು ಅಭ್ಯಾಸಬಲದಿಂದ ಪ್ರತಿ ಸಲ ಹಾಕುತ್ತಿದ್ದ ಆ ಪುಕ್ಕಟೆ ಏಟೇ ಶಬ್ದ ನಿಲ್ಲಿಸುತ್ತಿತ್ತು. ಹೆಸರು ಮಾತ್ರ ಪೆಡಲ್ಲಿಗೆ, ಚೈನಿಗೆ, ಫ್ರೀವೀಲಿಗೆ.

ಅನುಮಾನ ಬಂದರೆ ಸಾಲದು, ಗ್ಯಾರಂಟಿ ಆಗಬೇಕು. ಅದಕ್ಕೆ ಎರಡು ಸುಲಭ ಪರೀಕ್ಷೆ ಇವೆ, ಯಾರ ಸೈಕಲ್ಲಿಗಾದರೂ ಆಗುತ್ತದೆ. ಮೊದಲನೆಯದು ಎಣಿಸುವುದು. ಚಿಕ್ಕಪ್ಪನ ಸೈಕಲ್ಲಿಗೆ ಮುಂದೆ 48 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಎರಡೂಮುಕ್ಕಾಲು ಸುತ್ತಿನ ಹತ್ತಿರ ತಿರುಗುತ್ತದೆ. ಹಾಗಾಗಿ ತೊಂದರೆ ಚಕ್ರದಲ್ಲೋ ಫ್ರೀವೀಲಿನಲ್ಲೋ ಇದ್ದರೆ ಪೆಡಲಿನ ಒಂದು ಸುತ್ತಿಗೆ ಎರಡು ಮೂರು ಸಲ ಶಬ್ದ ಬರಬೇಕು. ಚೈನಿನ ಒಂದು ಕೊಂಡಿ ಬಿಗಿಯಾಗಿದ್ದರೆ ಆ ಕೊಂಡಿ ಪೂರ್ತಿ ಸುತ್ತಿ ಅದೇ ಜಾಗಕ್ಕೆ ಬರಲು ಪೆಡಲ್ ಎರಡು ಸುತ್ತಿಗಿಂತ ಜಾಸ್ತಿ ತಿರುಗಬೇಕು, ಅಂದರೆ ಶಬ್ದ ಬಿಟ್ಟು ಬಿಟ್ಟು ಬರಬೇಕು. ಇಲ್ಲಿ ಪೆಡಲಿನ ಒಂದು ಸುತ್ತಿಗೆ ಒಂದೇ ಒಂದು ಟಕ್, ಅದೂ ಎಡ ಪೆಡಲ್ ಮೇಲಿಂದ ಮುಂದಕ್ಕೆ ಇಳಿಯುವಾಗ. ಬಲಗಾಲೊಂದರಿಂದ ತುಳಿದರೆ ಶಬ್ದವೇ ಇಲ್ಲ. ಪೆಡಲ್, ಕ್ರಾಂಕ್, ಬಿ.ಬಿ. ಈ ಮೂರು ಬಿಟ್ಟು ಬೇರೆ ಏನೂ ಆಗಿರಲು ಸಾಧ್ಯವಿಲ್ಲ.

ಎರಡನೆಯದು ಅಲ್ಲಾಡಿಸುವುದು. ಸ್ಟ್ಯಾಂಡ್ ಹಾಕಿ, ಬಲ ಕ್ರಾಂಕನ್ನು ಹಗ್ಗದಿಂದ ಫ್ರೇಮಿಗೆ ಬಿಗಿಯಾಗಿ ಕಟ್ಟಿ, ಎಡ ಕ್ರಾಂಕ್ ಹಿಡಿದು ಮುಂದೆ ಹಿಂದೆ ಆಡಿಸಿ ನೋಡಬೇಕು. ಪಕ್ಕಕ್ಕೆ ಎಳೆದಾಗ ಎರಡೂ ಕ್ರಾಂಕ್ ಒಟ್ಟಿಗೆ ಅಲ್ಲಾಡಿದರೆ ಬಿ.ಬಿ.ಯಲ್ಲಿ ಆಟ. ಎಡಗಡೆಯದು ಮಾತ್ರ ಮುಂದೆ ಹಿಂದೆ ಆಡಿದರೆ ಪಿನ್ನಿನಲ್ಲಿ ಆಟ. ಎಡಗಡೆಯದು ಮಾತ್ರ ಆಡಿತು. ಪಿನ್ ಮೇಲೆ ಬೆರಳಿಟ್ಟುಕೊಂಡರೆ ಟಕ್ ಬೆರಳಿಗೇ ತಾಗುತ್ತಿತ್ತು. ಚಿಕ್ಕಪ್ಪನೂ ಬೆರಳಿಟ್ಟು ನೋಡಿದರು. "ಇಷ್ಟೇನಾ?" ಅಂದರು. ಎರಡು ಸಾವಿರ ಹೋದವರ ಬಾಯಲ್ಲಿ ಆ ಮಾತು ಹೇಗೆ ಬಂದಿರಬಹುದು ನೀವೇ ಊಹಿಸಿಕೊಳ್ಳಿ.

ಪಿನ್ ತೆಗೆದು ನೋಡಿದರೆ ಕಥೆ ಅದರ ಮೈಮೇಲೇ ಇತ್ತು. ಸಪಾಟು ಪಕ್ಕದಲ್ಲಿ ಮೇಲ್ಗಡೆ ಒಂದು ಕಡೆ ಮಾತ್ರ ಹೊಳೆಯುವ ಗುರುತು, ಕೆಳಗೆ ಅರ್ಧಭಾಗ ಅಂಗಡಿಯಿಂದ ತಂದಾಗಿನ ಬಣ್ಣದಲ್ಲೇ ಇದೆ. ಅಂದರೆ ಪಿನ್ನಿನ ಇಳಿಜಾರು ಆಕ್ಸಲ್ಲಿನ ಸಪಾಟಿಗೆ ಹೊಂದಿಕೊಂಡೇ ಇಲ್ಲ, ಒಂದು ಅಂಚಿನಲ್ಲಷ್ಟೇ ಕಚ್ಚಿಕೊಂಡಿದೆ. ಕಚ್ಚಿದ ಜಾಗದಲ್ಲಿ ಮೆಟ್ಟಿಲಿನ ಹಾಗೆ ಒಂದು ತಗ್ಗು ಬಿದ್ದಿದೆ, ಕಬ್ಬಿಣ ಅಷ್ಟು ಮೆತ್ತಗೆ. ಕೆಳಗಿನ ಮರೆ (ನಟ್ಟು ಕೂರುವ ತಿರುಪು) ಸವೆದು ನಟ್ಟು ಬೆರಳಿನಲ್ಲೇ ತಿರುಗುತ್ತಿತ್ತು. ಓವರಾಲಿಂಗ್ ಮಾಡುವಾಗ ಹಳೇ ಪಿನ್ನುಗಳು ಹೊಡೆದು ತೆಗೆಯುವಾಗ ಬಗ್ಗಿ, ರಾತ್ರಿ ಹೊತ್ತು ಡಬ್ಬದಲ್ಲಿದ್ದ ಸಾದಾ ಪಿನ್ನನ್ನು ಅರದಿಂದ (ಫೈಲ್) ಉಜ್ಜಿ ಹೊಂದಿಸದೆ ಹಾಗೇ ಹೊಡೆದು, ಒಳಗೆ ಹೋಗದಿದ್ದಾಗ ನಟ್ಟು ತಿರುವಿ ಎಳೆದಿದ್ದಾರೆ. ನಟ್ಟು ಇರುವುದು ಪಿನ್ನನ್ನು ಎಳೆದು ಕೂರಿಸಲಿಕ್ಕಲ್ಲ, ಕೂತ ಪಿನ್ ಹಿಂದೆ ಬರದಂತೆ ಹಿಡಿಯಲಿಕ್ಕೆ. ಈ ಸಡಿಲ ಪಿನ್ನಿನ ಮೇಲೆ ದಿನಾ ಬನ್ನಿಮಂಟಪಕ್ಕೆ ಹೋಗಿ ಬಂದು ಎಡ ಕ್ರಾಂಕಿನ ತೂತೇ ದುಂಡಗಿನದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಓವರಾಲಿಂಗ್ ಆದ ಮೇಲೆ ಶಬ್ದ ಜೋರಾದದ್ದು ಇದಕ್ಕೇ.

ಶಾಪಿನವರನ್ನು ಬೈಯಲಿಕ್ಕೆ ನನಗೆ ಮನಸ್ಸಿಲ್ಲ. ಸಂಜೆ ಏಳಕ್ಕೆ ಬಿಟ್ಟು ಬೆಳಿಗ್ಗೆ ಎಂಟಕ್ಕೆ ಬೇಕು ಅಂತ ಕುತ್ತಿಗೆ ಮೇಲೆ ಕೂತರೆ, ಅದಕ್ಕೆ ಮಜೂರಿಯಲ್ಲೂ ಚೌಕಾಸಿ ಮಾಡಿದರೆ, ಯಾರು ತಾನೇ ಪಿನ್ನಿಗೆ ಅರ ಹಾಕುತ್ತಾ ಕೂರುತ್ತಾರೆ? ದಿನಾ ಓಡಿಸುವ ಸೈಕಲ್ಲಿನ ನಿಜವಾದ ತೊಂದರೆ ವಯಸ್ಸಲ್ಲ. ಅದಕ್ಕೆ ರಜೆ ಇಲ್ಲ. ಭಾನುವಾರ ಮನೆಯಲ್ಲಿರುತ್ತದೆ, ಭಾನುವಾರ ಶಾಪಿಗೂ ರಜೆ. ಹಾಗಾಗಿ ಎಲ್ಲ ರಿಪೇರಿಯೂ ರಾತ್ರಿ ಕಳೆದು ಬೆಳಗಾಗುವುದರೊಳಗೆ ಮುಗಿಯುವಂಥದ್ದೇ ಆಗಬೇಕು. ಹಾಗೆ ಮುಗಿಯುವ ಕೆಲಸ ಅಂದರೆ ಸಾಮಾನು ಬದಲಿಸುವುದು. ಎಲ್ಲಿ ತೊಂದರೆ ಇದೆ ಅಂತ ಹುಡುಕುವ ಕೆಲಸಕ್ಕೆ ಹೊತ್ತು ಬೇಕು, ಅದಕ್ಕೆ ಯಾರೂ ದುಡ್ಡು ಕೊಡುವುದೂ ಇಲ್ಲ.

ಸಾಮಾನು ಸಿಗುವುದಿಲ್ಲ ಅನ್ನುವ ಭಯವೂ ಚಿಕ್ಕಪ್ಪನಿಗೆ ಇತ್ತು. 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನವೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಫ್ಯಾಕ್ಟರಿ ನಿಂತಿತಲ್ಲ, ಆ ಸುದ್ದಿ ಓದಿದಾಗಿನಿಂದ ಇನ್ನು ಹಳೇ ಸೈಕಲ್ಲುಗಳ ಕಾಲ ಮುಗಿಯಿತು ಅಂತಲೇ ಹೇಳುತ್ತಿದ್ದರು. ಆದರೆ ಈ ಕಪ್ಪು ಸೈಕಲ್ಲುಗಳ ಒಂದು ದೊಡ್ಡ ಅನುಕೂಲ ಎಂದರೆ ಎಲ್ಲ ಕಂಪನಿಯವೂ ಅದೇ ಇಂಗ್ಲಿಷ್ ಮಾದರಿಯವು. ಕ್ರಾಂಕ್, ಪಿನ್, ಬಾಲ್ಸ್ ಕೂರುವ ಕಪ್ಪು, ಕೋನು ಎಲ್ಲ ಲೂಧಿಯಾನದ ಸಣ್ಣ ಸಣ್ಣ ಕಾರ್ಖಾನೆಗಳಿಂದ ಬರುತ್ತವೆ, ಒಂದರದ್ದು ಇನ್ನೊಂದಕ್ಕೆ ಆಗುತ್ತದೆ. ಸಿಗುವುದಿಲ್ಲ ಅನ್ನುವುದಕ್ಕಿಂತ, ಸಿಗುವುದರಲ್ಲಿ ಒಳ್ಳೆಯದು ಯಾವುದು ಅಂತ ಆರಿಸುವುದು ಕಷ್ಟ. ಹೊಸ ಶೋರೂಮುಗಳಲ್ಲಿ ಕೇಳಿದರೆ ಕಾಟರ್ ಪಿನ್ ಅಂದರೇನು ಸಾರ್ ಅಂತ ಕೇಳುತ್ತಾರೆ. ನಮಗೆ ಸಿಕ್ಕಿದ್ದು ಸಯ್ಯಾಜಿರಾವ್ ರಸ್ತೆಯ ಒಂದು ಅಡ್ಡಬೀದಿಯ ಹಳೇ ಅಂಗಡಿಯಲ್ಲಿ. "ಸಾದಾ ಕೊಡಲೋ, ಗಟ್ಟಿದು ಕೊಡಲೋ?" ಅಂದರು. ಎರಡಕ್ಕೂ ಇರುವ ವ್ಯತ್ಯಾಸ ಒಂದು ಕಾಫಿ ದುಡ್ಡು. ಗಟ್ಟಿ ಪಿನ್ ಒಂದು ಜೊತೆ, ಎಡ ಕ್ರಾಂಕ್ ಒಂದು ತಂದೆವು.

ಕೂರಿಸಿದ್ದು ಭಾನುವಾರ, ಮನೆ ಅಂಗಳದಲ್ಲಿ, ಅದೇ ಶಾಪಿನವರನ್ನು ಮನೆಗೆ ಕರೆಸಿ, ಕಾಫಿ ತಿಂಡಿ ಕೊಟ್ಟು. ಹೊತ್ತು ಕೊಟ್ಟರೆ ಆ ಕೈ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕಿತ್ತು. ಆಕ್ಸಲ್ಲಿನ ಸಪಾಟಿಗೆ ಸೀಮೆಸುಣ್ಣ ತಿಕ್ಕಿದರು. ಪಿನ್ ತೂರಿಸಿ ಮೆಲ್ಲಗೆ ಒಂದೇಟು ಹಾಕಿ ಹೊರಗೆ ತೆಗೆದರು. ಪಿನ್ನಿನ ಮೇಲ್ತುದಿಗೆ ಮಾತ್ರ ಬಿಳಿ ಅಂಟಿತ್ತು. ಅಂಟಿದ ಜಾಗಕ್ಕೆ ಅರದಿಂದ ಎರಡು ಮೂರು ಎಳೆತ, ಮತ್ತೆ ತೂರಿಸುವುದು, ಮತ್ತೆ ತೆಗೆಯುವುದು. ಹೀಗೇ ಮಾಡುತ್ತಾ ಹೋಗಿ ಕೊನೆಗೆ ಇಡೀ ಸಪಾಟಿನ ಮೇಲೆ ಬಿಳಿ ಒಂದೇ ಸಮ ಬಂತು. ಆಮೇಲೆ ಕ್ರಾಂಕಿನ ಕೆಳಗೆ ಒಂದು ತುಂಡು ಜಿ.ಐ. ಪೈಪ್ ಆನಿಸಿದರು, ಪಿನ್ನಿನ ಮರೆ ಪೈಪಿನ ಬಾಯೊಳಗೆ ಇಳಿಯುವ ಹಾಗೆ. ಈ ಆಸರೆ ಇಲ್ಲದೆ ಹೊಡೆದರೆ ಏಟೆಲ್ಲ ಬಾಲ್ಸ್ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಏಟು ಹಾಕಿದಂತೆ ಶಬ್ದ ಬದಲಾಗುತ್ತಾ ಹೋಯಿತು. ಮೊದಲು ಡಬ್ ಡಬ್ ಅನ್ನುತ್ತಿದ್ದದ್ದು ಕೊನೆಗೆ ಠಣ್ ಅಂತು. ಠಣ್ ಬಂದ ಮೇಲೆ ನಿಲ್ಲಿಸಿ ನಟ್ಟು ಹಾಕಿದರು. ಬಲಗಡೆಯದನ್ನೂ ಹಾಗೇ ಮಾಡಿದರು, ಪಿನ್ ಮಾತ್ರ ಎದುರು ದಿಕ್ಕಿನಿಂದ. ಎರಡನ್ನೂ ಒಂದೇ ದಿಕ್ಕಿನಿಂದ ಹೊಡೆದರೆ ಪೆಡಲ್ಲುಗಳು ನೇರ ಎದುರುಬದುರಾಗಿ ನಿಲ್ಲದೆ ಸ್ವಲ್ಪ ಸೊಟ್ಟಗಾಗುತ್ತವೆ, ತುಳಿಯುವಾಗ ಕುಂಟಿದಂತೆ ಆಗುತ್ತದೆ.

ಒಂದು ವಾರ ಓಡಿಸಿದ ಮೇಲೆ ಮತ್ತೆ ಒಂದೊಂದು ಏಟು ಹಾಕಿ ನಟ್ಟು ಬಿಗಿ ಮಾಡಬೇಕು, ಹೊಸ ಪಿನ್ ಸ್ವಲ್ಪ ಕೂರುತ್ತದೆ ಅಂದಿದ್ದರು. ಮಾಡಿದೆವು. ಅದಾದ ಮೇಲೆ ಒಂದು ದಸರಾ ಕಳೆಯಿತು, ಆನೆ ಹಿಂದೆ ನಿಂತು ಹೊರಡುವುದೂ ಆಯಿತು. ಟಕ್ ಬಂದಿಲ್ಲ.

ಹಾಗಂತ ಸೈಕಲ್ಲಿನ ಕಾಟ ಮುಗಿಯಿತೇ? ಎಲ್ಲಿ. ಹಿಂದಿನ ಚಕ್ರದ ವಾಲ್‌ಟ್ಯೂಬ್, ಅಂದರೆ ಗಾಳಿ ಹೊಡೆಯುವ ಮೂತಿಯೊಳಗಿನ ಆ ಸಣ್ಣ ರಬ್ಬರ್ ಕೊಳವೆ, ಬಿಸಿಲಿಗೆ ಒಣಗಿ ಬಿರಿದು ರಾತ್ರಿಯೆಲ್ಲ ಗಾಳಿ ಇಳಿಸುತ್ತದೆ. ಎರಡು ಮೂರು ರೂಪಾಯಿ ಸಾಮಾನು, ಚಿಕ್ಕಪ್ಪ ಈಗ ಒಂದು ತುಂಡನ್ನು ಪರ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. 28ರ ಟೈರ್ ಮೂರು ಅಂಗಡಿ ಅಲೆದರೆ ಒಂದರಲ್ಲಿ ಸಿಗುತ್ತದೆ. ದೊಡ್ಡದು ಹಿಂದಿನ ರಿಮ್ಮು. ಕಂಬಿ ಬ್ರೇಕಿನಲ್ಲಿ ರಬ್ಬರ್ ಕಟ್ಟೆಗಳು ರಿಮ್ಮಿನ ಒಳಮೈಗೆ ಒಳಗಿನಿಂದ ಹೊರಕ್ಕೆ ಒತ್ತುತ್ತವೆ. ಹಾಗಾಗಿ ರಿಮ್ಮು ಗುಂಡಿಗೆ ಬಿದ್ದು ಒಂದು ಕಡೆ ಚಪ್ಪಟೆಯಾಗಿದ್ದರೆ ಪ್ರತಿ ಸುತ್ತಿಗೂ ಬ್ರೇಕು ತಟ್ಟುತ್ತದೆ. ತಟ್ಟದಿರಲಿ ಅಂತ ರಬ್ಬರನ್ನು ದೂರ ಇಟ್ಟರೆ ಹಿಡಿಯುವುದಿಲ್ಲ. ಕಡ್ಡಿ ಬಿಗಿ ಮಾಡಿ ಔಟ್, ಅಂದರೆ ರಿಮ್ಮಿನ ಸೊಟ್ಟು, ತೆಗೆಯಬಹುದು, ಆದರೆ ನಲವತ್ತು ಕಡ್ಡಿಗಳಲ್ಲಿ ಅರ್ಧಕ್ಕರ್ಧ ನಿಪ್ಪಲ್ (ಕಡ್ಡಿ ಬಿಗಿ ಮಾಡುವ ಸಣ್ಣ ನಟ್ಟು) ತುಕ್ಕು ಹಿಡಿದು ತಿರುಗುವುದೇ ಇಲ್ಲ, ತಿರುಗಿಸಲು ಹೋದರೆ ಕಡ್ಡಿ ಮುರಿಯುತ್ತದೆ. ಮಳೆಯಲ್ಲಿ ಕ್ರೋಮ್ ರಿಮ್ಮಿಗೆ ಬ್ರೇಕ್ ಹಿಡಿಯುವುದು ಮೊದಲೇ ಅಷ್ಟಕ್ಕಷ್ಟೇ. ಇದು ಟಕ್ ಟಕ್ ಹಾಗೆ ಬರೀ ಕಿರಿಕಿರಿಯ ವಿಷಯವಲ್ಲ, ಆಯುರ್ವೇದಿಕ್ ಕಾಲೇಜು ಸರ್ಕಲ್ಲಿನಲ್ಲಿ ನಿಲ್ಲಬೇಕಾದಾಗ ನಿಲ್ಲಬೇಕು.

ಹೊಸ ರಿಮ್ಮು, ಹೊಸ ಕಡ್ಡಿ, ಕಟ್ಟುವ ಮಜೂರಿ ಸೇರಿದರೆ ಚಿಕ್ಕಮ್ಮನ ಕ್ಯಾಲೆಂಡರಿನಲ್ಲಿ ಮತ್ತೊಂದು ದೊಡ್ಡ ಅಂಕಿ ಬೀಳುತ್ತದೆ. ಅಷ್ಟಕ್ಕೂ ಚಕ್ರ ಕಟ್ಟುವುದು ಒಂದು ರಾತ್ರಿಯ ಕೆಲಸವಲ್ಲ, ಶಾಪಿನವರು ಎರಡು ದಿನ ಕೇಳಿದ್ದಾರೆ. ಆ ಎರಡು ದಿನ ಸಿಟಿ ಬಸ್ಸಿನಲ್ಲಿ ಹೋಗಿ ಅಂತ ನಾನು, ಬೇಡ ಯುಗಾದಿಗೆ ಪ್ರೆಸ್ಸಿಗೆ ರಜೆ ಇದೆ ಆಗ ಮಾಡಿಸೋಣ ಅಂತ ಚಿಕ್ಕಪ್ಪ. ಯುಗಾದಿ ಮುಗಿದರೆ ಮುಂಗಾರಿಗೆ ಮುಂಚಿನ ಮಳೆ ಯಾವತ್ತು ಬೇಕಾದರೂ ಶುರುವಾಗಬಹುದು, ಅಷ್ಟರೊಳಗೆ ಆಗಲೇಬೇಕು ಅಂತ ಮಾತಾಗಿದೆ. ರಿಮ್ಮು ತಂದು ಅಟ್ಟದ ಮೇಲೆ ಇಟ್ಟಾಗಿದೆ.